ಘಾರಾಪುರಿಯ ಪ್ರವಾಸ: ಬೇಕೇ, ಬೇಡವೇ?

“ದೇಶ ಸುತ್ತು, ಕೋಶ ಓದು” ಎಂಬ ಗಾದೆಯನ್ನು ನಾವು ಐದನೆಯ ಇಯತ್ತೆಯಿಂದಲೂ ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇವೆ. ಅದರ ಮೇಲೆ ಪ್ರಬಂಧ ಬರೆಯಿರಿ ಎಂದರೆ ನಮ್ಮ ಹುಡುಗರು ಎರಡು ಪುಟ ತುಂಬಿಸುತ್ತಾರೆ, ಅಂಕಗಳೂ ಬೀಳುತ್ತವೆ. ಆದರೆ ಈ ಸಲದ ಪಾಲಕರ ಸಭೆಯಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಬಂದಾಗ ಕೇಳಿಬಂದ ಅಭಿಪ್ರಾಯವೇ ಬೇರೆ. ಕೋಶ ಓದಿದರೆ ಸಾಕು, ದೇಶ ಸುತ್ತುವುದು ಬೇಡ ಎಂದವರೇ ಹೆಚ್ಚು. ಅದರಲ್ಲಿಯೂ ಮುಂಬಯಿಯ ಹತ್ತಿರದ ಘಾರಾಪುರಿ ದ್ವೀಪದ ಹೆಸರು ಎತ್ತಿದೊಡನೆ ಸಭೆಯಲ್ಲಿ ಗುಜುಗುಜು ಎದ್ದಿತು. ಒಬ್ಬ ಪಾಲಕರು ಎದ್ದು ನಿಂತು, “ನನ್ನ ಮಗಳು ಸಮುದ್ರ ನೋಡದಿದ್ರ ಏನ್ ಕಡಿಮಿ ಆಗತೈತ್ರೀ ಗುರುಗಳ?” ಎಂದು ಕೇಳಿದರು.

ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಸಭೆಯಲ್ಲಿ ನಾವು ಸರಿಯಾದ ಉತ್ತರ ಕೊಡಲಿಲ್ಲ. “ನೋಡೋಣ, ವಿಚಾರ ಮಾಡೋಣ” ಎಂದು ಹೇಳಿ ಕುಳಿತುಬಿಟ್ಟೆವು. ಆ ಉತ್ತರವನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ಕೊಡಬೇಕೆಂದು ಈ ಲೇಖನ ಬರೆಯುತ್ತಿದ್ದೇವೆ.

ಪಾಲಕರ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. 2024ರ ಡಿಸೆಂಬರ್ 18ರಂದು ಮಧ್ಯಾಹ್ನ, ಗೇಟ್‌ವೇ ಆಫ್ ಇಂಡಿಯಾದಿಂದ ಘಾರಾಪುರಿಗೆ ಹೊರಟಿದ್ದ ಪ್ರಯಾಣಿಕರ ದೋಣಿಗೆ, ಇಂಜಿನ್ ಪರೀಕ್ಷೆಯಲ್ಲಿದ್ದ ನೌಕಾದಳದ ವೇಗದ ದೋಣಿಯೊಂದು ಬಂದು ಡಿಕ್ಕಿ ಹೊಡೆಯಿತು. ಹದಿನೈದು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಆ ದಿನ ಸಂಜೆ ಟಿ.ವಿ.ಯಲ್ಲಿ ಆ ದೃಶ್ಯವನ್ನು ನೋಡದ ಮನೆ ನಮ್ಮ ಅಕ್ಕಲಕೋಟೆ ತಾಲೂಕಿನಲ್ಲಿ ಇರಲಿಕ್ಕಿಲ್ಲ. ಮುಂದಿನ ಜನವರಿಯಲ್ಲಿ ನಾವೂ ಅದೇ ನೀರಿನ ಮೇಲೆ ಹೋಗುವವರಿದ್ದೆವು. ಹೆಸರು ಕೊಟ್ಟಿದ್ದ ಮಕ್ಕಳೆಲ್ಲರ ಹಣವನ್ನು ಮರಳಿಸಿ ಪ್ರವಾಸವನ್ನು ರದ್ದು ಮಾಡಿದೆವು. ಅದು ಆಗ ಸರಿಯಾದ ನಿರ್ಣಯವೇ ಆಗಿತ್ತು. ಆದರೆ ಒಂದು ವರ್ಷದ ನಿರ್ಣಯ ಶಾಶ್ವತ ನಿಯಮವಾಗಬೇಕೇ? ಇದೇ ಈಗಿನ ಪ್ರಶ್ನೆ.

ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಪ್ರವಾಸ ನಿಲ್ಲಬಾರದು. ನಿಲ್ಲಬೇಕಾದದ್ದು ಸಿದ್ಧತೆಯಿಲ್ಲದ ಪ್ರವಾಸ. ಇದನ್ನು ನಾವು ಪುಸ್ತಕದಿಂದ ಕಲಿತು ಹೇಳುತ್ತಿಲ್ಲ, ತಪ್ಪು ಮಾಡಿ ಕಲಿತು ಹೇಳುತ್ತಿದ್ದೇವೆ. ಆ ತಪ್ಪುಗಳನ್ನೂ ಮುಚ್ಚಿಡದೆ ಇಲ್ಲಿ ಬರೆಯುತ್ತೇವೆ.

2024ರ ಜನವರಿಯಲ್ಲಿ, ಎಂದರೆ ಆ ದುರಂತಕ್ಕೆ ಹನ್ನೊಂದು ತಿಂಗಳು ಮೊದಲು, ನಾವು ನಲವತ್ತೊಂದು ಮಕ್ಕಳನ್ನು ಕರೆದುಕೊಂಡು ಸೊಲ್ಲಾಪುರದಿಂದ ರಾತ್ರಿಯ ರೈಲು ಹತ್ತಿದೆವು. ಬೆಳಿಗ್ಗೆ ಮುಂಬಯಿ. ಗೇಟ್‌ವೇ ಆಫ್ ಇಂಡಿಯಾದ ಕಮಾನಿನ ಹಿಂದೆ ನೀರು ಕಂಡೊಡನೆ ಮಕ್ಕಳ ಸಾಲು ಮುರಿದುಹೋಯಿತು. ನಲವತ್ತೊಂದರಲ್ಲಿ ಮೂವತ್ತಾರು ಮಕ್ಕಳು ಅಲ್ಲಿಯವರೆಗೆ ಸಮುದ್ರವನ್ನು ಕಂಡವರಲ್ಲ. ನಮ್ಮ ಕಡೆ ನೀರೆಂದರೆ ಬಾವಿ, ಬೋರು, ಮಳೆ ಬಂದರೆ ಹಳ್ಳ, ದೂರದಲ್ಲಿ ಭೀಮಾ ನದಿ. ಆಚೆಯ ದಂಡೆ ಕಾಣದ ನೀರು ಹೇಗಿರುತ್ತದೆಂದು ಭೂಗೋಲದ ಪಾಠದಲ್ಲಿ ಎಷ್ಟು ವರ್ಣಿಸಿದರೂ ಮಕ್ಕಳ ಕಣ್ಣಿಗೆ ಕಟ್ಟುವುದಿಲ್ಲ. ಒಬ್ಬ ಹುಡುಗ ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಹಚ್ಚಿಕೊಂಡು, “ಹೌದ್ರೀ ಸರ್, ಖರೇನ ಉಪ್ಪ ಐತಿ!” ಎಂದು ಕೂಗಿದ. ಏಳು ವರ್ಷ ಓದಿ ಬರೆದ ಸಂಗತಿ ಅವನಿಗೆ ಆ ಕ್ಷಣದಲ್ಲಿ ನಿಜವಾಯಿತು.

ಘಾರಾಪುರಿ ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್. ದೋಣಿಯಲ್ಲಿ ಒಂದು ಗಂಟೆಯ ಹಾದಿ. ರಾಯಗಡ ಜಿಲ್ಲೆಯ ಉರಣ ತಾಲೂಕಿಗೆ ಸೇರಿದ ಈ ದ್ವೀಪದಲ್ಲಿ ಎರಡು ಗುಡ್ಡಗಳು, ಶೇತಬಂದರ, ಮೋರಾಬಂದರ, ರಾಜಬಂದರ ಎಂಬ ಮೂರು ಹಳ್ಳಿಗಳು, ಏಳು ಗುಹೆಗಳು ಇವೆ. ಗುಹೆಗಳಲ್ಲಿ ಐದು ಶೈವ, ಎರಡು ಬೌದ್ಧ. 1987ರಲ್ಲಿ ಯುನೆಸ್ಕೋ ಸಂಸ್ಥೆ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲಿಫೆಂಟಾ ಎಂಬ ಹೆಸರನ್ನು ಕೊಟ್ಟವರು ಪೋರ್ತುಗೀಜರು. ದೋಣಿ ಇಳಿಯುವ ಸ್ಥಳದ ಹತ್ತಿರ ಅವರು ಒಂದು ದೊಡ್ಡ ಕಲ್ಲಾನೆಯನ್ನು ಕಂಡರು. 1864ರಲ್ಲಿ ಆ ಆನೆಯನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಅದು ಕೆಳಗೆ ಬಿದ್ದು ಒಡೆಯಿತು. ಆ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಆನೆ ಈಗ ಮುಂಬಯಿಯ ಭಾಯಖಳಾದಲ್ಲಿರುವ ಜಿಜಾಮಾತಾ ಉದ್ಯಾನದ ಆವರಣದಲ್ಲಿದೆ. ದ್ವೀಪಕ್ಕೆ ಹೆಸರು ಕೊಟ್ಟ ಆನೆಯೇ ದ್ವೀಪದಲ್ಲಿಲ್ಲ.

ದೋಣಿ ಹೊರಟ ಕೂಡಲೆ ಕಡಲಕ್ಕಿಗಳು ನಮ್ಮನ್ನು ಬೆನ್ನಟ್ಟಿ ಬಂದವು. ಬಿಳಿಯ ಮೈ, ಬೂದು ರೆಕ್ಕೆ, ಕೆಂಪು ಕೊಕ್ಕು. ರೆಕ್ಕೆ ಬಡಿಯದೆ ಗಾಳಿಯಲ್ಲಿ ನಿಂತಂತೆ ತೇಲುತ್ತ ಕೈಗೆ ಎಟುಕುವಷ್ಟು ಹತ್ತಿರ ಬಂದವು. ಇವುಗಳಲ್ಲಿ ಅನೇಕವು ಚಳಿಗಾಲದ ಅತಿಥಿಗಳು. ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳ ಬಳಿ ಮರಿಮಾಡಿ, ಚಳಿ ಕಳೆಯಲು ನಮ್ಮ ಕರಾವಳಿಗೆ ಇಳಿಯುತ್ತವೆ. ಮೀನು, ಸಿಗಡಿ ಹಿಡಿದು ತಿನ್ನುವ ಹಕ್ಕಿಗಳಿಗೆ ದೋಣಿಯಲ್ಲಿ ಜನ ಎಸೆಯುವುದೇನು? ಎಣ್ಣೆಯಲ್ಲಿ ಕರಿದ ಉಪ್ಪುಖಾರದ ತಿಂಡಿ. ನಮ್ಮ ಮಕ್ಕಳೂ ಎಸೆದರು. ಇನ್ನೂ ನಾಚಿಕೆಯ ಸಂಗತಿಯೆಂದರೆ, ಆ ತಿಂಡಿಯ ಪೊಟ್ಟಣಗಳನ್ನು ಕೊಂಡುಕೊಟ್ಟವರು ನಾವೇ. ಫೋಟೋ ಚೆನ್ನಾಗಿ ಬರುತ್ತದೆಂದು ನಮ್ಮವರೇ ಒಬ್ಬರು ಹೇಳಿದರು, ನಾವೆಲ್ಲರೂ ಹೂಂಗುಟ್ಟಿದೆವು. ಖಾಲಿ ಪೊಟ್ಟಣಗಳಲ್ಲಿ ಎರಡು ಗಾಳಿಗೆ ಹಾರಿ ಸಮುದ್ರಕ್ಕೆ ಬಿದ್ದವು. ಆ ದಿನ ನಡೆದುದಕ್ಕೆಲ್ಲ ಮೊದಲು ಅಲ್ಲಿಯೇ.

ದ್ವೀಪದ ಅಂಚಿನಲ್ಲಿ ಕಾಂಡ್ಲಾ ಗಿಡಗಳ ಹಸಿರು. ಉಪ್ಪುನೀರಿನಲ್ಲಿ ನಿಂತು ಬದುಕುವ ಗಿಡಗಳು ಇವು. ನೀರು ಇಳಿದ ಹೊತ್ತಿಗೆ ಹೋದರೆ ಕೆಸರಿನಿಂದ ಮೊಳೆಗಳಂತೆ ಮೇಲೆದ್ದ ಬೇರುಗಳು ಕಾಣುತ್ತವೆ. ಕೆಸರಿನಲ್ಲಿ ಗಾಳಿ ಸಿಗದ ಕಾರಣ ಬೇರೇ ಮೇಲೆ ಬಂದು ಉಸಿರಾಡುತ್ತದೆ. ಆ ಬೇರುಗಳ ನಡುವೆ ಏಡಿಗಳು ಓಡಾಡುತ್ತವೆ, ಮೀನಿನ ಮರಿಗಳು ಅಡಗುತ್ತವೆ. ದಂಡೆಯ ಮಣ್ಣು ಅಲೆಗೆ ಕೊಚ್ಚಿಹೋಗದೆ ನಿಲ್ಲುತ್ತದೆ. ಮೇಲೆ ಬಿಳಿ ಎದೆಯ, ಕೆಂಗಂದು ರೆಕ್ಕೆಯ ಗರುಡ ಪಕ್ಷಿ ಸುತ್ತು ಹಾಕುತ್ತಿರುತ್ತದೆ. ಹತ್ತನೆಯ ಇಯತ್ತೆಯ ವಿಜ್ಞಾನದ ಒಂದು ಪಾಠವೇ ಅಲ್ಲಿ ಕಣ್ಣೆದುರು ನಿಂತಿತ್ತು. ಆದರೆ ನಮ್ಮಲ್ಲಿ ಅದನ್ನು ಓದಿಸುವ ಸಿದ್ಧತೆ ಇರಲಿಲ್ಲ. “ನಡೀರಿ, ನಡೀರಿ, ಹೊತ್ತಾಯ್ತು” ಎಂದು ಮಕ್ಕಳನ್ನು ಮುಂದಕ್ಕೆ ದೂಡಿದೆವು.

ಗುಹೆಗೆ ಹೋಗಲು ನೂರಿಪ್ಪತ್ತರಷ್ಟು ಮೆಟ್ಟಿಲು ಹತ್ತಬೇಕು. ಇಕ್ಕೆಲಗಳಲ್ಲಿ ಅಂಗಡಿಗಳು, ಬೋರೆಹಣ್ಣು, ಸೌತೆಕಾಯಿ, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಮಾರುವ ಹೆಂಗಸರು, ಅವರ ಹಿಂದೆ ಮರಗಳಲ್ಲಿ ಕೋತಿಗಳು. ನಮ್ಮ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಹತ್ತುತ್ತಿದ್ದಳು. ಮರದಿಂದ ಒಂದು ದೊಡ್ಡ ಕೋತಿ ಇಳಿದು ಬಂದು ಪೊಟ್ಟಣಕ್ಕೆ ಕೈಹಾಕಿತು. ಹುಡುಗಿ ಬಿಡಲಿಲ್ಲ. ಕೋತಿಯೂ ಬಿಡಲಿಲ್ಲ. ಹಿಂದಿದ್ದ ಹುಡುಗರು ಹೋ ಎಂದು ಕೂಗಿ ಕಲ್ಲು ತೆಗೆದುಕೊಂಡರು. ಗಾಬರಿಗೊಂಡ ಕೋತಿ ಹುಡುಗಿಯ ಮುಂಗೈಯನ್ನು ಪರಚಿ, ಪೊಟ್ಟಣ ಕಿತ್ತುಕೊಂಡು ಹೋಯಿತು. ರಕ್ತ ಬಂದಿತು. ನಾವು ಆಗ ಮೇಲಿನ ಮೆಟ್ಟಿಲುಗಳ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವುದರಲ್ಲಿದ್ದೆವು.

ಸೌತೆಕಾಯಿ ಮಾರುವ ಹೆಂಗಸೊಬ್ಬರು ತಮ್ಮ ಕೊಡದಿಂದ ನೀರು ಸುರಿದು, ಸಾಬೂನು ತರಿಸಿ ಗಾಯವನ್ನು ಬಹಳ ಹೊತ್ತು ತೊಳೆಸಿದರು. ಅವರು ಹೇಳಿದ ಮಾತನ್ನು ನಮ್ಮ ಮಕ್ಕಳು ಮರಾಠಿಯಲ್ಲಿಯೇ ಕೇಳಿ ತಿಳಿದುಕೊಂಡರು. ಹಿಂದೆ ಈ ಕೋತಿಗಳು ಬೆಳಗಾದರೆ ಗುಡ್ಡ ಹತ್ತಿ ಹಣ್ಣು, ಚಿಗುರು ಹುಡುಕುತ್ತಿದ್ದವಂತೆ. ಈಗ ಮೊದಲ ದೋಣಿಯ ಸದ್ದಿಗೆ ಮೆಟ್ಟಿಲ ಬಳಿ ಬಂದು ಕೂಡುತ್ತವಂತೆ. “ಅವುಗಳ ತಪ್ಪೇನು? ಕಲಿಸಿದವರು ನೀವು” ಎಂದರು ಆ ತಾಯಿ. ನೀವು ಎಂದರೆ ನಾವು, ದಿನಾ ದೋಣಿ ಇಳಿದು ಬರುವ ಜನ. ತಿಂಡಿ ಕೊಟ್ಟು ಕೊಟ್ಟು ಕಾಡಿನ ಪ್ರಾಣಿಯನ್ನು ಭಿಕ್ಷುಕನನ್ನಾಗಿ, ಆಮೇಲೆ ದರೋಡೆಕೋರನನ್ನಾಗಿ ಮಾಡಿ, ಕೊನೆಗೆ ಅದಕ್ಕೇ ಕಲ್ಲು ಹೊಡೆಯುವುದು ಯಾವ ನ್ಯಾಯ?

ಅದೇ ದಿನ ಮುಂಬಯಿಗೆ ಮರಳಿ ಬಂದು ಹುಡುಗಿಗೆ ರೇಬೀಸ್ ತಡೆಯುವ ಮೊದಲ ಚುಚ್ಚುಮದ್ದು ಹಾಕಿಸಿದೆವು. ಉಳಿದವುಗಳನ್ನು ಊರಿಗೆ ಬಂದ ಮೇಲೆ ದಿನ ತಪ್ಪಿಸದೆ ಹಾಕಿಸಲಾಯಿತು. ಹುಡುಗಿ ಆರಾಮಾಗಿದ್ದಾಳೆ. ಆದರೆ ಅವಳ ತಂದೆ ನಮ್ಮ ಎದುರು ನಿಂತು ಕೇಳಿದ ಒಂದೇ ಮಾತು ಇನ್ನೂ ಕಿವಿಯಲ್ಲಿದೆ: “ನೀವೂ ಅಲ್ಲೇ ಇದ್ರಿ ಅಲ್ರೀ?” ನಮ್ಮಲ್ಲಿ ಉತ್ತರ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆಯೂ ಪ್ರವಾಸ ಬೇಕೆನ್ನುತ್ತೀರಾ ಎಂದು ಪಾಲಕರು ಕೇಳಬಹುದು. ಬೇಕೆನ್ನುತ್ತೇವೆ. ಏಕೆಂದರೆ ಗಾಯ ತೊಳೆದಾದ ಮೇಲೆ, ಅಳುವ ಹುಡುಗಿಯನ್ನು ಸಮಾಧಾನ ಮಾಡಿ, ನಾವು ಗುಹೆಯೊಳಗೆ ಕಾಲಿಟ್ಟೆವು. ಅಲ್ಲಿ ನಡೆದುದನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ.

ದೊಡ್ಡ ಗುಹೆ ಹೊರಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಸುಮಾರು 39 ಮೀಟರ್ ಉದ್ದ. ಕಲ್ಲು ತಂದು ಕಟ್ಟಿದ್ದಲ್ಲ. ಇದ್ದ ಗುಡ್ಡವನ್ನೇ ಕೊರೆದು, ಬೇಡವಾದ ಕಲ್ಲನ್ನು ತೆಗೆದು, ಕಂಬಗಳನ್ನು ಉಳಿಸಿದ್ದು. ಒಂದು ಏಟು ತಪ್ಪಿದರೆ ಮತ್ತೆ ಹಚ್ಚಲು ಬಾರದು. ಹಿಂದಿನ ಗೋಡೆಯಲ್ಲಿ, ಮಬ್ಬು ಬೆಳಕಿನಲ್ಲಿ, 18 ಅಡಿಗೆ ಸಮೀಪ ಎತ್ತರದ ಸದಾಶಿವ. ನಡುವಿನ ಮುಖ ಕಣ್ಣು ಮುಚ್ಚಿದ ಶಾಂತಿ. ನಮ್ಮ ಎಡಕ್ಕೆ ಹುಬ್ಬು ಗಂಟಿಕ್ಕಿದ ಭೈರವ, ಕೈಯಲ್ಲಿ ಹಾವು. ಬಲಕ್ಕೆ ಸೌಮ್ಯವಾದ ವಾಮದೇವ, ಕೈಯಲ್ಲಿ ಕಮಲ. ಇದು ಉಮೆಯ ಮುಖವೆಂದೂ ಹೇಳುತ್ತಾರೆ. ಸಿಟ್ಟು, ಸೌಮ್ಯ ಎರಡೂ ಒಂದೇ ದೇಹದಲ್ಲಿದ್ದು, ಅವುಗಳ ನಡುವೆ ಎರಡನ್ನೂ ಮೀರಿದ ಶಾಂತಿ. ಮೆಟ್ಟಿಲ ಮೇಲೆ ಗದ್ದಲ ಮಾಡಿದ ಹುಡುಗರು ಅಲ್ಲಿ ತಾವಾಗಿಯೇ ಸುಮ್ಮನಾದರು. ನಾವು “ಗಪ್ ಚುಪ್” ಎನ್ನಬೇಕಾಗಲಿಲ್ಲ.

ಒಂದು ಕಡೆ ಅರ್ಧನಾರೀಶ್ವರ, ಮತ್ತೊಂದು ಕಡೆ ಗಂಗಾಧರ, ಕೈಲಾಸವನ್ನು ಎತ್ತಲು ಬಂದ ರಾವಣ, ಮದುವೆಯಲ್ಲಿ ತಲೆ ತಗ್ಗಿಸಿ ನಿಂತ ಪಾರ್ವತಿ. ಮಾರ್ಗದರ್ಶಕರು ಹಿಂದಿಯಲ್ಲಿ ಹೇಳುತ್ತಿದ್ದರು. ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಹಿಂದಿದ್ದ ಸಣ್ಣವರಿಗೆ ಅದನ್ನು ಕನ್ನಡದಲ್ಲಿ ಹೇಳುತ್ತ ಬಂದಳು. ಅವಳಿಗೆ ನಾವು ಹೇಳಿದ್ದಿಲ್ಲ. ಹಿಂದಿನ ವರ್ಷ ಬಾದಾಮಿಯನ್ನು ನೋಡಿದ್ದ ಹುಡುಗನೊಬ್ಬ, “ಅಲ್ಲಿ ಕಲ್ಲು ಕೆಂಪು, ಇಲ್ಲಿ ಕರಿ, ಯಾಕ್ರೀ ಸರ್?” ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಬಾದಾಮಿಯದು ಮರಳುಗಲ್ಲು. ಘಾರಾಪುರಿಯದು ಲಾವಾರಸ ತಣಿದು ಆದ ಬಸಾಲ್ಟ್. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಡಿದ ಆ ಲಾವಾರಸವೇ ನಮ್ಮ ಅಕ್ಕಲಕೋಟೆಯ ನೆಲದ ಕೆಳಗೂ ಇದೆ. ಅದು ಸವೆದು ಆದದ್ದೇ ನಮ್ಮ ಜೋಳ, ತೊಗರಿ ಬೆಳೆಯುವ ಎರೆಮಣ್ಣು. ನಿಮ್ಮ ಅಪ್ಪ ಉಳುವ ಮಣ್ಣಿನ ತಾಯಿಯೇ ಈ ಕಲ್ಲು ಎಂದು ಹೇಳಿದಾಗ ಆ ಹುಡುಗ ಕಂಬವನ್ನು ಮುಟ್ಟಿ ನೋಡಿದ ರೀತಿ ನಮಗೆ ಮರೆಯಲಾಗದು.

ಈ ಗುಹೆಗಳಲ್ಲಿ ಅನೇಕ ಮೂರ್ತಿಗಳಿಗೆ ಕೈಗಳಿಲ್ಲ, ಕಾಲುಗಳಿಲ್ಲ. ನಟರಾಜನ ಕೈಕಾಲು ಮುರಿದಿವೆ. ಅಂಧಕನನ್ನು ಕೊಲ್ಲುವ ಶಿವನ ಕೆಳಭಾಗವೇ ಇಲ್ಲ. ಪೋರ್ತುಗೀಜ್ ಸೈನಿಕರು ಗುರಿ ಹೊಡೆಯುವ ಅಭ್ಯಾಸಕ್ಕೆ ಇವನ್ನು ಬಳಸಿದರೆಂದು ಹೇಳುತ್ತಾರೆ. ಅದಕ್ಕಿಂತಲೂ ದೊಡ್ಡ ನಷ್ಟ ಇನ್ನೊಂದಿದೆ. ಗುಹೆಯ ಬಾಗಿಲ ಮೇಲೆ ಒಂದು ಶಾಸನವಿತ್ತು. ಅದನ್ನು ಓದಬಲ್ಲವರು ಯಾರೂ ದೊರೆಯದೆ, ಪೋರ್ತುಗೀಜರು ಆ ಕಲ್ಲನ್ನು ಕಿತ್ತು ತಮ್ಮ ದೊರೆಗೆ ಕಳುಹಿಸಿದರು ಎಂದು ಅವರದೇ ಇತಿಹಾಸಕಾರ ದಿಯೋಗೊ ದೊ ಕೌಟೊ ಬರೆದಿದ್ದಾನೆ. ಅಲ್ಲಿಯೂ ಅದನ್ನು ಯಾರೂ ಓದಲಿಲ್ಲ. ಮುಂದೆ ಆ ಕಲ್ಲೇ ಕಳೆದುಹೋಯಿತು. ಹೀಗಾಗಿ ಇಂಥ ದೊಡ್ಡ ಕೆಲಸವನ್ನು ಮಾಡಿಸಿದವರು ಯಾರು ಎಂಬುದಕ್ಕೆ ಇಂದಿಗೂ ನೇರವಾದ ಲಿಖಿತ ಸಾಕ್ಷಿಯಿಲ್ಲ. ಶಿಲ್ಪದ ರೀತಿಯಿಂದ, ದೊರೆತ ನಾಣ್ಯಗಳಿಂದ, ಆರನೆಯ ಶತಮಾನದ ನಡುಭಾಗದಲ್ಲಿ ಕಲಚುರಿ ಅರಸರ ಕಾಲದಲ್ಲಿ ಆದದ್ದೆಂದು ಹೆಚ್ಚಿನ ವಿದ್ವಾಂಸರು ಊಹಿಸುತ್ತಾರೆ.

ಇದೇ ಕಡಲಿಗೆ ನಮ್ಮ ನಾಡಿನ ನಂಟೂ ಇದೆ. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿ ಬರೆದ, 634ರ ಸುಮಾರಿನ ಸಂಸ್ಕೃತ ಶಾಸನವಿದೆ. ಇಮ್ಮಡಿ ಪುಲಕೇಶಿಯು ಕೊಂಕಣದ ಮೌರ್ಯರನ್ನು ಸೋಲಿಸಿ, ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿ ಎಂಬ ಪಟ್ಟಣವನ್ನು ಮದ್ದಾನೆಗಳಂಥ ನೂರಾರು ಹಡಗುಗಳಿಂದ ಮುತ್ತಿದನೆಂದು ಅದು ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು. ಬೇರೆ ಊರು ಎಂದು ಇನ್ನು ಕೆಲವರು. ಏನೇ ಇರಲಿ, ಐಹೊಳೆಯ ಕಲ್ಲು ಉಳಿದುಕೊಂಡಿತು, ಅದನ್ನು ಓದಬಲ್ಲವರೂ ಉಳಿದರು. ಆದ್ದರಿಂದ ಸಾವಿರದ ನಾನೂರು ವರ್ಷಗಳ ಹಿಂದಿನ ಮಾತನ್ನು ನಾವು ಇಂದು ಚರ್ಚಿಸಬಹುದು. ಘಾರಾಪುರಿಯ ಕಲ್ಲು ಹೋಯಿತು, ಅದರ ಮಾತೂ ಹೋಯಿತು. ಅಕ್ಷರವನ್ನು ಓದುವವರು ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಗಡಿಯಾಚೆಗಿನ ಕನ್ನಡ ಶಾಲೆಯ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹೇಳುವ ಪಾಠ ಯಾವುದಿದೆ?

ಹೀಗೆ ಅಭಿಮಾನದಿಂದ ಎದೆ ಉಬ್ಬಿಸಿಕೊಂಡು ನಾವು ಗುಡ್ಡದ ಮೇಲಿನ ಹಳೆಯ ತೋಪುಗಳನ್ನು ನೋಡಲು ಹೊರಟೆವು. ದಾರಿಯ ಬದಿಯ ಗೋಡೆಯೊಂದರ ಬಳಿ ಮಕ್ಕಳು ಕೇಕೆ ಹಾಕಿದರು: “ಸರ್, ಕನ್ನಡ! ಇಲ್ಲಿ ಕನ್ನಡ ಐತ್ರೀ!” ನಮಗೂ ರೋಮಾಂಚನವಾಯಿತು. ಹತ್ತಿರ ಹೋಗಿ ಓದಿದೆವು. ಮೊಳೆಯಿಂದ ಕೆತ್ತಿದ ಒಂದು ಹೆಸರು, ಅದರ ಕೆಳಗೆ ನಮ್ಮ ಊರು, 2019 ಎಂಬ ಇಸವಿ. ಆ ವರ್ಷ ನಮ್ಮ ಶಾಲೆಯ ಪ್ರವಾಸ ಅಲ್ಲಿಗೇ ಬಂದಿತ್ತು. ಆ ಹುಡುಗನ ಹೆಸರು ನಮಗೆ ಗೊತ್ತು. ಅವನ ಅಕ್ಷರ ದುಂಡಗಿದೆಯೆಂದು ತರಗತಿಯಲ್ಲಿ ಹೊಗಳಿದವರೂ ನಾವೇ. ಮಕ್ಕಳು ನಮ್ಮ ಮುಖವನ್ನು ನೋಡುತ್ತ ನಿಂತರು. ಆ ದ್ವೀಪದಲ್ಲಿ ನಾವು ಕಂಡ ಏಕೈಕ ಕನ್ನಡ ಬರಹ ಅದು.

ಪೋರ್ತುಗೀಜರನ್ನು ಬಯ್ದು ಅರ್ಧ ಗಂಟೆಯೂ ಆಗಿರಲಿಲ್ಲ. ಗುಂಡು ಹೊಡೆದವನಿಗೂ ಮೊಳೆ ಹಿಡಿದವನಿಗೂ ಅಂತರ ಬಹಳವಿದೆ, ಒಪ್ಪುತ್ತೇವೆ. ಆದರೆ ಇದು ನನ್ನದಲ್ಲ, ನಾನು ಇಲ್ಲಿ ಅತಿಥಿ ಎಂಬ ತಿಳಿವಳಿಕೆ ಇಬ್ಬರಿಗೂ ಇರಲಿಲ್ಲ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ 1958ರ ಕಾಯಿದೆಯಂತೆ, 2010ರ ತಿದ್ದುಪಡಿಯ ಬಳಿಕ, ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಇದೆ. ಆದರೆ ಕಾಯಿದೆಯ ಅಂಜಿಕೆಗಿಂತ ಮೊದಲು ಬರಬೇಕಾದದ್ದು ಮನೆಯ ಸಂಸ್ಕಾರ, ಶಾಲೆಯ ಪಾಠ. ಆ ಹುಡುಗನಿಗೆ ಅದನ್ನು ನಾವು ಕಲಿಸಿರಲಿಲ್ಲ. ಬೀಗರ ಮನೆಗೆ ಹೋದಾಗ ಅವರ ಗೋಡೆಯ ಮೇಲೆ ಹೆಸರು ಬರೆಯುತ್ತೇವೆಯೇ? ಅವರ ಕೊಟ್ಟಿಗೆಯ ದನಕ್ಕೆ ಕಂಡದ್ದನ್ನೆಲ್ಲ ತಿನ್ನಿಸುತ್ತೇವೆಯೇ? ದ್ವೀಪವೂ ಹಾಗೆಯೇ. ಅದು ಕಲ್ಲಿನ ಮೂರ್ತಿಗಳ ಮನೆ, ಕೋತಿ, ಕಡಲಕ್ಕಿ, ಏಡಿಗಳ ಮನೆ, ಮೂರು ಹಳ್ಳಿಯ ಜನರ ಮನೆ. ಆ ಹಳ್ಳಿಗಳಿಗೆ ಸಮುದ್ರದ ತಳದಲ್ಲಿ ಏಳೂವರೆ ಕಿಲೋಮೀಟರ್ ಕೇಬಲ್ ಹಾಸಿ ವಿದ್ಯುತ್ತು ಕೊಟ್ಟದ್ದು 2018ರ ಫೆಬ್ರವರಿಯಲ್ಲಿ. ಎದುರಿಗೇ ಮುಂಬಯಿಯ ದೀಪಗಳು ರಾತ್ರಿಯಿಡೀ ಉರಿಯುತ್ತಿರುವಾಗ ಆ ಜನ ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಕಾದರು. ಅಂಥವರ ಅಂಗಳಕ್ಕೆ ನಾವು ಒಂದು ದಿನದ ಮಟ್ಟಿಗೆ ಹೋಗಿ ಕಸ ಸುರಿದು ಬರುವುದು ಶೋಭೆಯಲ್ಲ.

ಹಾಗಾದರೆ ಮುಂದೇನು? ಪ್ರವಾಸ ನಿಲ್ಲಿಸಿದರೆ ಇಷ್ಟೂ ತಪ್ಪು ನಿಲ್ಲುತ್ತವೆ, ನಿಜ. ಅದರೊಂದಿಗೆ ಉಪ್ಪುನೀರಿನ ರುಚಿ, ಕರಿಕಲ್ಲಿನ ಪ್ರಶ್ನೆ, ಸದಾಶಿವನ ಎದುರಿನ ಮೌನ ಎಲ್ಲವೂ ನಿಲ್ಲುತ್ತವೆ. ಉಳ್ಳವರ ಮಕ್ಕಳು ಹೇಗೂ ತಂದೆತಾಯಿಯೊಡನೆ ಹೋಗಿ ನೋಡುತ್ತಾರೆ. ಶಾಲೆ ಕರೆದೊಯ್ಯದಿದ್ದರೆ ಎಂದೂ ಹೋಗಲಾಗದವರು ಕೂಲಿಯವರ, ಸಣ್ಣ ಒಕ್ಕಲಿಗರ ಮಕ್ಕಳು, ಅವರಲ್ಲಿಯೂ ಹೆಣ್ಣುಮಕ್ಕಳು. ಆದ್ದರಿಂದ ಶಾಲೆಗೂ ಪಾಲಕರಿಗೂ ಈ ನಾಲ್ಕು ಮಾತುಗಳನ್ನು ಸೂಚಿಸುತ್ತೇವೆ.

ಮೊದಲನೆಯದು, ದೋಣಿ. ದುರಂತದ ಬಳಿಕ ಪ್ರಯಾಣಿಕರೆಲ್ಲರೂ ಲೈಫ್ ಜಾಕೆಟ್ ತೊಡಬೇಕೆಂಬ ಕಟ್ಟುನಿಟ್ಟು ಬಂದಿದೆ. ಕಟ್ಟುನಿಟ್ಟು ಕಾಗದದಲ್ಲಿದ್ದರೆ ಸಾಲದು. ಪ್ರತಿಯೊಂದು ಮಗುವಿನ ಜಾಕೆಟಿನ ಪಟ್ಟಿಯನ್ನು ಶಿಕ್ಷಕರು ತಮ್ಮ ಕೈಯಿಂದ ಬಿಗಿದು ನೋಡಿದ ಮೇಲೆಯೇ ದೋಣಿ ಬಿಡಬೇಕು. ಜಾಕೆಟ್ ಸಾಲದಿದ್ದರೆ, ದೋಣಿಯಲ್ಲಿ ಜನ ಹೆಚ್ಚಾಗಿದ್ದರೆ, ಹತ್ತಬಾರದು. ಕೊಟ್ಟ ಹಣ ಹೋದರೆ ಹೋಗಲಿ. ಗೇಟ್‌ವೇ ನೋಡಿಕೊಂಡು ಮರಳಿ ಬರೋಣ. 2024ರ ಜನವರಿಯಲ್ಲಿ ನಾವು ಜಾಕೆಟ್ ಎಲ್ಲಿವೆಯೆಂದು ಕೇಳಲೂ ಇಲ್ಲ. ಇದನ್ನು ನೆನೆದರೆ ಈಗ ಮೈ ನಡುಗುತ್ತದೆ.

ಎರಡನೆಯದು, ತಿಂಡಿ. ದೋಣಿಯಲ್ಲಿ ಹಕ್ಕಿಗೂ ದ್ವೀಪದಲ್ಲಿ ಕೋತಿಗೂ ಏನನ್ನೂ ಕೊಡಬಾರದು. ಊಟ ಮುಂಬಯಿಯಲ್ಲಿ ಮುಗಿಸಿಕೊಂಡು ಹೋಗಬೇಕು, ಮೆಟ್ಟಿಲ ಮೇಲೆ ಕೈಯಲ್ಲಿ ಯಾವ ಪೊಟ್ಟಣವೂ ಇರಕೂಡದು, ನೀರು ಚೀಲದೊಳಗಿರಬೇಕು. ಕೋತಿ ಎದುರಾದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಹಲ್ಲು ತೋರಿಸಬಾರದು, ಓಡಬಾರದು. ಏನಾದರೂ ಕಿತ್ತುಕೊಂಡರೆ ಬಿಟ್ಟುಬಿಡಬೇಕು. ಪರಚಿದರೆ ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ ಹಚ್ಚಿ ಸುಮ್ಮನಿರಬಾರದು.

ಮೂರನೆಯದು, ಓದು. ಹೊರಡುವ ಮೊದಲಿನ ಎರಡು ವಾರ ಇತಿಹಾಸ, ಭೂಗೋಲ, ವಿಜ್ಞಾನ, ಕನ್ನಡದ ಶಿಕ್ಷಕರು ಒಂದೊಂದು ತಾಸು ದ್ವೀಪಕ್ಕಾಗಿ ಕೊಡಬೇಕು. ಒಬ್ಬರಿಗೆ ಗಂಗಾಧರ, ಒಬ್ಬರಿಗೆ ಕಾಂಡ್ಲಾ ಗಿಡ, ಒಬ್ಬರಿಗೆ ಕಡಲಕ್ಕಿ ಎಂದು ಒಂದೊಂದು ವಿಷಯವನ್ನು ಹಂಚಿಕೊಟ್ಟು, ಹುಡುಕಿ ನೋಡಿ ಬರೆದು ತರಲು ಹೇಳಬೇಕು. ಹೆಸರು ಬರೆಯುವ ಆಸೆಯಿದ್ದವರು ಆ ಬರಹದ ಕೆಳಗೆ ಬರೆಯಲಿ. ಅದನ್ನು ಮುಂದಿನ ವರ್ಷ ಇದೇ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ.

ನಾಲ್ಕನೆಯದು, ಹಣ. ಹಣವಿಲ್ಲವೆಂದು ಒಂದು ಮಗುವೂ ಹಿಂದೆ ಉಳಿಯಬಾರದು. ಜೂನ್ ತಿಂಗಳಿನಿಂದಲೇ ವಾರಕ್ಕಿಷ್ಟೆಂದು ಕೂಡಿಡುವ ಡಬ್ಬಿಯನ್ನು ಪ್ರತಿ ವರ್ಗದಲ್ಲಿ ಇಡೋಣ. ಕಡಿಮೆ ಬಿದ್ದದ್ದನ್ನು ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ಸೇರಿ ತುಂಬೋಣ.

ಪ್ರವಾಸಕ್ಕೆ ಕಳುಹಿಸುವಾಗ ಪಾಲಕರಿಂದ ಒಪ್ಪಿಗೆಯ ಸಹಿ ಪಡೆಯುವುದು ರೂಢಿ. ಇನ್ನು ಮುಂದೆ ಆ ಕಾಗದದ ಇನ್ನೊಂದು ಮಗ್ಗುಲಲ್ಲಿ ಈ ನಾಲ್ಕು ಮಾತುಗಳನ್ನು ಬರೆದು, ಅವುಗಳ ಕೆಳಗೆ ಶಿಕ್ಷಕರಾದ ನಾವೂ ಸಹಿ ಮಾಡಿ ಪಾಲಕರ ಕೈಗೆ ಕೊಡುತ್ತೇವೆ. ಹೊಣೆ ಇಬ್ಬರದೂ ಆಗಿರಲಿ.

ಇನ್ನು ಆ ಪಾಲಕರ ಪ್ರಶ್ನೆ. ಮಗಳು ಸಮುದ್ರ ನೋಡದಿದ್ದರೆ ಏನು ಕಡಿಮೆಯಾಗುತ್ತದೆ? ಉಣ್ಣುವ ರೊಟ್ಟಿ ಕಡಿಮೆಯಾಗುವುದಿಲ್ಲ, ಪರೀಕ್ಷೆಯ ಅಂಕವೂ ಕಡಿಮೆಯಾಗಲಿಕ್ಕಿಲ್ಲ. ಆದರೆ ಕೋತಿ ಪರಚಿದ ನಮ್ಮ ಆ ಹುಡುಗಿ ಈಗ ಹತ್ತನೆಯ ಇಯತ್ತೆಯಲ್ಲಿದ್ದಾಳೆ. ಸಭೆಯ ಮರುದಿನ ಅವಳು ನಮ್ಮ ಕೋಣೆಗೆ ಬಂದು, “ಈ ಸಲ ಹೋದ್ರ ನನ್ನೂ ಕರಕೊಂಡು ಹೋಗ್ರೀ ಸರ್. ಆವತ್ತ ಅಳಕೋತ ನಿಂತಿದ್ದೆ, ಆ ಮೂರು ಮುಖ ಸರಿಯಾಗಿ ನೋಡಲಿಲ್ಲ” ಎಂದಳು. ಕೈಯ ಮೇಲಿನ ಗೀರು ಇನ್ನೂ ಮಾಸಿಲ್ಲ.

ಅವಳಿಗೆ ಬೇಡವೆನ್ನಲು ನಮಗೆ ಮನಸ್ಸು ಬರಲಿಲ್ಲ. ಪಾಲಕರೇ, ನಿಮಗೆ ಬರುತ್ತದೆಯೇ?